ಪಿನ್ನು ಹಿಡಿಯದ ಗೋಡೆ

ನಾನು ದಿನಾ ಪಾಠ ಮಾಡಲು ಹೋಗುವ ಕಟ್ಟಡವನ್ನು ವಿನ್ಯಾಸ ಮಾಡಿದವನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಬಹುದು. ವೃತ್ತಿಯ ಭಿನ್ನಾಭಿಪ್ರಾಯ ಎನ್ನಬಹುದು, ಅಭಿರುಚಿಯ ಮಾತು ಎನ್ನಬಹುದು. ಸ್ಟಾಫ್ ರೂಮಿನಲ್ಲಿ ನಾನು ಹಾಗೆಯೇ ಹೇಳುತ್ತೇನೆ, ಎಲ್ಲರೂ ತಲೆಯಾಡಿಸುತ್ತಾರೆ. ಬರೆಯಲು ಕೂತಾಗ ಆ ನಾಟಕ ಬೇಡವೆನ್ನಿಸುತ್ತದೆ. ಹೊಟ್ಟೆಕಿಚ್ಚು, ಅಷ್ಟೇ.

ಅವನು ಭಾಲ್ಕಿಯವನು, ನಾನು ಔರಾದಿನವಳು. ಕಲಬುರಗಿಯಲ್ಲಿ ಒಂದೇ ತರಗತಿಯಲ್ಲಿ ಆರ್ಕಿಟೆಕ್ಚರ್ ಓದಿದೆವು. ಕೆಲಸ ಕೊಟ್ಟ ದಿನವೇ ನಕ್ಷೆಯ ಶೀಟು ಹಾಸಿಕೊಂಡು ಕೂರುವವಳು ನಾನು. ಅವನು ಕೊನೆಯ ಗಳಿಗೆಯವರೆಗೂ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಹರಟಿ, ಆಮೇಲೆ ಎದ್ದು ಬಂದು ಅರ್ಧಂಬರ್ಧ ಬರೆದದ್ದನ್ನು ಗೋಡೆಗೆ ಚುಚ್ಚುವವನು. ಮೇಷ್ಟ್ರು ನನ್ನ ನಕ್ಷೆ ನೋಡಿ "ನೀಟಾಗಿದೆ" ಎಂದು ಮುಂದೆ ಹೋಗುತ್ತಿದ್ದರು. ಅವನದರ ಮುಂದೆ ಮಾತಾಡದೆ ನಿಂತುಬಿಡುತ್ತಿದ್ದರು. ಐದೂ ವರ್ಷ ಆ ಮೌನ ನನ್ನ ಶೀಟಿಗೆ ಒಮ್ಮೆಯೂ ಸಿಗಲಿಲ್ಲ.

ಓದು ಮುಗಿಸಿ ಅವನು ಪುಣೆಗೆ ಹೋದ. ನಾನು ಬೀದರಿನಲ್ಲಿ ಸಣ್ಣದೊಂದು ಆಫೀಸು ತೆರೆದೆ. ಔರಾದಿನಲ್ಲಿ ಮದುವೆ ಹಾಲ್, ಭಾಲ್ಕಿಯಲ್ಲಿ ಅಂಗಡಿಗಳ ಸಾಲು, ಬೀದರಿನ ಹೊಸ ಬಡಾವಣೆಗಳಲ್ಲಿ ಮನೆಗಳು, ಹೀಗೆ ಕೆಲಸ ಬಂತು. ಬಂದವರಿಗೆಲ್ಲ ಒಂದೇ ಆಸೆ: "ಮುಂದಿನ ಎಲಿವೇಶನ್ ಜಬರ್ದಸ್ತ್ ಇರ್ಲಿ ಮೇಡಂ, ಒಳಗ ಹ್ಯಾಂಗಾದ್ರೂ ನಡೀತದ." ನಾನು ಒಳಗನ್ನೂ ಸರಿಯಾಗಿಯೇ ಮಾಡಿದೆ. ಗಾಳಿ ಬರುವ ಕಡೆ ಕಿಟಕಿ ಇಟ್ಟೆ, ಅಡುಗೆಮನೆಗೆ ಬೆಳಕು ಕೊಟ್ಟೆ. ನನ್ನ ಮನೆಗಳಲ್ಲಿ ಇರುವವರು ಯಾರೂ ದೂರಿಲ್ಲ. ಯಾರೂ ರಸ್ತೆಯಲ್ಲಿ ನಿಂತು ನೋಡಿದ್ದೂ ಇಲ್ಲ.

ಆ ಹೊತ್ತಿಗೆ ನಮ್ಮ ಕಡೆಯ ಒಂದು ಶಿಕ್ಷಣ ಸಂಸ್ಥೆ ಬೀದರಿನಿಂದ ಭಾಲ್ಕಿಗೆ ಹೋಗುವ ರಸ್ತೆಯ ಮೇಲೆ ಆರ್ಕಿಟೆಕ್ಚರ್ ಕಾಲೇಜು ತೆರೆಯುವುದೆಂದು ನಿರ್ಧರಿಸಿತು. ಜಿಲ್ಲೆಯಲ್ಲಿ ಹುಟ್ಟಿದ ಆರ್ಕಿಟೆಕ್ಟರೇ ಕಟ್ಟಡ ಮಾಡಲಿ ಎಂಬುದು ಅಧ್ಯಕ್ಷರ ಹಟ. ಕೆಲವರಿಂದ ನಕ್ಷೆ ತರಿಸಿಕೊಂಡರು. ನಾನು ಬೇಸಿಗೆಯಿಡೀ ಕೂತು ಬರೆದೆ. ನಡುವೆ ನೇರ ಕಾರಿಡಾರ್, ಎರಡೂ ಕಡೆ ಕೋಣೆಗಳು, ಪ್ರತಿ ಕೋಣೆಗೂ ನಕ್ಷೆ ಚುಚ್ಚಲು ಸಾಫ್ಟ್‌ಬೋರ್ಡ್, ಹುಡುಗಿಯರ ಶೌಚಾಲಯ ಹತ್ತಿರದಲ್ಲೇ. ಬೆರಳಿಟ್ಟು ತೋರಿಸಲು ಒಂದು ತಪ್ಪಿರಲಿಲ್ಲ. ಆಯ್ಕೆಯಾದದ್ದು ಅವನದು. ಅಧ್ಯಕ್ಷರು ಫೋನು ಮಾಡಿ ಸಮಾಧಾನ ಹೇಳಿದರು. "ಡಿಸೈನ್ ಆಗಲಿಲ್ಲಂದ್ರೇನಾತ್ರಿ ಮೇಡಂ, ನೀವು ಬಂದು ಪಾಠ ಮಾಡ್ರಿ. ಹುಡುಗರಿಗೆ ನಿಮ್ಮಂಥವರು ಬೇಕು." ನನಗೆ ಪಾಠ ಮಾಡುವುದು ಇಷ್ಟ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ, ದಿನವೂ ಎಲ್ಲಿ ಹೋಗಿ ಕೂರಬೇಕಾಗುತ್ತದೆ ಎಂಬುದು ಹೊಳೆಯಿತು.

ಕಟ್ಟಡದ ಫೋಟೋ ಪೇಪರಿನಲ್ಲಿ ಬಂದ ದಿನ ನಾನು ಔರಾದಿನಲ್ಲಿ ಅವ್ವನ ಎದುರು ಊಟಕ್ಕೆ ಕೂತಿದ್ದೆ. ಅವ್ವ ಕನ್ನಡಕ ಏರಿಸಿ ಫೋಟೋ ನೋಡಿದಳು.

"ಈ ಹುಡುಗ ನಿನ್ನ ಸಂಗಾಟ ಓದಿದಾಂವ ಅಲ್ಲೇನ?"

"ಹೌದು."

"ಭಾಳ ಚಂದ ಕಟ್ಯಾನ ನೋಡು. ನೀನೂ ಹಿಂಥದೊಂದು ಕಟ್ಟಬಾರದಾ?"

ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟೆ. ನೀರು ಕುಡಿದು ಕೈ ತೊಳೆದೆ.

ಕಟ್ಟಡ ಹೇಗಿದೆ ಎಂದು ಹೇಳಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಬಣ್ಣವಿಲ್ಲ, ಗಿಲಾವು ಇಲ್ಲ. ಮೇಲೆಲ್ಲ ಬರಿಯ ಕಾಂಕ್ರೀಟು, ಅಚ್ಚಿನ ಹಲಗೆಗಳ ಗೆರೆ ಹಾಗೆಯೇ ಕಾಣುತ್ತದೆ. ಕೆಳಗಿನ ಗೋಡೆಗಳು ನಮ್ಮ ನೆಲದ ಕೆಂಪು ಜಂಬಿಟ್ಟಿಗೆಯವು. ಉದ್ದಕ್ಕೆ ಅಡ್ಡಡ್ಡ ಕಿಟಕಿಗಳು, ಬಿಸಿಲು ತಡೆಯಲು ನಿಲ್ಲಿಸಿದ ತೆಳ್ಳಗಿನ ಕಾಂಕ್ರೀಟ್ ಹಲಗೆಗಳು. ನಕ್ಷೆ ಬರೆಯುವ ಸ್ಟುಡಿಯೋಗಳಿಗೆ ಉತ್ತರದ ಬೆಳಕು ಮೇಲಿನಿಂದ ಇಳಿಯುತ್ತದೆ, ಶೀಟಿನ ಮೇಲೆ ಕೈಯ ನೆರಳೂ ಬೀಳುವುದಿಲ್ಲ. ಕಟ್ಟಡದ ನಡುವೆ ಆಕಾಶಕ್ಕೆ ತೆರೆದ ದೊಡ್ಡದೊಂದು ತಗ್ಗು, ಅದರ ನಾಲ್ಕೂ ಬದಿಗೆ ಅಗಲವಾದ ಮೆಟ್ಟಿಲು. ಹುಡುಗರು ಅದನ್ನು ಕುಣಿ ಎನ್ನುತ್ತಾರೆ. ಗೋಡೆಗೆ ಬೇಕಾದ ಕಲ್ಲನ್ನು ಅಲ್ಲಿಂದಲೇ ಕೊಯ್ದು ತೆಗೆದದ್ದು, ತೆಗೆದ ಜಾಗವೇ ಅಂಗಳವಾದದ್ದು. ಬೀದರಿನ ಕೋಟೆಯ ಕಂದಕವನ್ನು ಕೊಯ್ದ ಕಲ್ಲಿನಿಂದಲೇ ಕೋಟೆಯ ಗೋಡೆ ಎದ್ದಿತೆಂದು ನಾವಿಬ್ಬರೂ ವಿದ್ಯಾರ್ಥಿಗಳಾಗಿದ್ದಾಗ ಅದೇ ಕಂದಕದ ಅಂಚಿನಲ್ಲಿ ಕೂತು ಕೇಳಿದ್ದೆವು. ನಾನು ಅದನ್ನು ಚೆನ್ನಾಗಿ ಬರೆದುಕೊಂಡಿದ್ದೆ. ಅವನು ಬರೆದುಕೊಂಡಿರಲಿಲ್ಲ, ಉಪಯೋಗಿಸಿಕೊಂಡ.

ತಪ್ಪು ಹುಡುಕುವುದೇ ನನ್ನ ಕೆಲಸವಾಯಿತು. ಮೊದಲ ಜೋರು ಮಳೆ ಬಂದ ಮಧ್ಯಾಹ್ನ ಪಾಠ ಅರ್ಧಕ್ಕೆ ನಿಲ್ಲಿಸಿ, ಕೊಡೆ ಹಿಡಿದು ಕುಣಿಯ ಅಂಚಿಗೆ ಹೋಗಿ ನಿಂತೆ. ಇವತ್ತು ತುಂಬುತ್ತದೆ, ಮೊಣಕಾಲುದ್ದ ನೀರು ನಿಲ್ಲುತ್ತದೆ, ಸೊಳ್ಳೆ ಬರುತ್ತದೆ ಎಂದು ಕಾದೆ. ಕೆಂಪು ನೀರು ಮೆಟ್ಟಿಲಿಳಿದು ಬಂತು, ಮೂಲೆಯ ಕಾಲುವೆ ಸೇರಿತು, ಪಕ್ಕದ ತೊಗರಿ ಹೊಲದ ಕಡೆ ಹರಿದು ಹೋಯಿತು. ಮಳೆ ನಿಂತಾಗ ಮೆಟ್ಟಿಲು ತೊಳೆದಿಟ್ಟಷ್ಟು ಚೊಕ್ಕ. ನನ್ನ ಸೀರೆಯ ಅಂಚು ಮಾತ್ರ ಒದ್ದೆ. ಹತ್ತಿರದ ಹಲಬರ್ಗಾ ಊರಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ ಅಲ್ಲೇ ನಿಂತಿದ್ದ. "ನೀರು ಹೋಗ್ತದೋ ಇಲ್ಲೋ ಅಂತ ಭಾಳ ಕಾಳಜಿ ಆಗಿತ್ತೇನ್ರಿ ಮೇಡಂ?" ಎಂದು ಕೇಳಿದ. ಹೌದೆಂದೆ.

ಎರಡನೆಯ ವರ್ಷಕ್ಕೆ ಹುಡುಗರು ಹೆಚ್ಚಾದರು, ಕೋಣೆ ಸಾಲದಾಯಿತು. ಅಧ್ಯಕ್ಷರು ಒಂದು ದಿನ ನನ್ನನ್ನು ಕರೆದು ಕುಣಿಯ ಅಂಚಿಗೆ ಕರೆದುಕೊಂಡು ಹೋದರು. ಅವರು ಒಳ್ಳೆಯ ಮನುಷ್ಯ, ಆದರೆ ಖಾಲಿ ಜಾಗ ನೋಡಿದರೆ ಅವರಿಗೆ ನಿದ್ದೆ ಬರುವುದಿಲ್ಲ.

"ಇದು ಸುಮ್ನ ಬಿದ್ದದ ನೋಡ್ರಿ ಮೇಡಂ. ಮ್ಯಾಲ ಸ್ಲ್ಯಾಬ್ ಹಾಕಿ ರೂಮ್ ಮಾಡಿದ್ರ ಹ್ಯಾಂಗ? ಆದ್ರ ಅವಸರ ಮಾಡೋದು ಬ್ಯಾಡ. ಪೂರಾ ಬಿಲ್ಡಿಂಗ್ ನೀವೊಮ್ಮೆ ತಪಾಸ್ ಮಾಡ್ರಿ, ಯಾವುದು ಚಲೋ, ಯಾವುದು ಕೆಟ್ಟ ಅಂತ ಬರದು ಕೊಡ್ರಿ. ಡಿಸೈನ್ ಮಾಡಿದವರನ್ನೂ ಮೀಟಿಂಗಿಗೆ ಕರಸ್ತೇನಿ. ಕಡೀಕ ನೀವು ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವನ ಕಟ್ಟಡದ ಹೊಟ್ಟೆ ನನ್ನ ಕೈಗೆ ಬಂದಿತ್ತು. ನಾನು ಹೂಂ ಎಂದರೆ ಅದು ಮುಚ್ಚಿಹೋಗುತ್ತದೆ. ಪೇಪರಿನಲ್ಲಿ ಬಂದದ್ದೂ ಅದರದೇ ಫೋಟೋ, ಊರಿನವರು ಬಂದು ಸೆಲ್ಫಿ ತೆಗೆದುಕೊಳ್ಳುವುದೂ ಅದರದೇ ಮೆಟ್ಟಿಲ ಮೇಲೆ. ನನ್ನ ಮುಖ ಗಂಭೀರವಾಗಿಯೇ ಇತ್ತು. "ನೋಡ್ತೇನ್ರಿ ಸರ್" ಎಂದೆ.

ತಪಾಸಣೆ ಶುರು ಮಾಡಿದೆ. ಸ್ಟಾಫ್ ರೂಮು ಪಶ್ಚಿಮಕ್ಕಿದೆ, ಮಧ್ಯಾಹ್ನ ಹಂಚಿನ ಮೇಲೆ ಕೂತ ಹಾಗೆ, ಬರೆದೆ. ದೊಡ್ಡ ಉಪನ್ಯಾಸ ಕೋಣೆಯಲ್ಲಿ ಮಾತು ಗೋಡೆಗೆ ಬಡಿದು ವಾಪಸು ಬರುತ್ತದೆ, ಹಿಂದಿನ ಬೆಂಚಿನವರಿಗೆ ಅರ್ಥವಾಗುವುದಿಲ್ಲ, ಬರೆದೆ. ಶೌಚಾಲಯ ದೂರ. ಮೆಟ್ಟಿಲ ಕಬ್ಬಿಣದ ಕೈಗಂಬಿ ಏಪ್ರಿಲ್‌ನಲ್ಲಿ ಮುಟ್ಟುವ ಹಾಗಿಲ್ಲ. ಬರೆಯುತ್ತ ಹೋದಂತೆ ಹಸಿವೂ ಚೆನ್ನಾಗಿ ಆಗತೊಡಗಿತು. ಸ್ಟುಡಿಯೋದ ಬೆಳಕಿನ ಬಗ್ಗೆ "ಸಮಾಧಾನಕರ" ಎಂದು ಒಂದೇ ಪದ ಬರೆದೆ.

ಇಷ್ಟರಲ್ಲಿ ಜ್ಯೂರಿ ಬಂತು. ಆರ್ಕಿಟೆಕ್ಚರ್ ಓದುವವರಿಗೆ ಜ್ಯೂರಿ ಎಂದರೆ ಎದೆ ಬಡಿದುಕೊಳ್ಳುವ ದಿನ. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬರೆದ ಶೀಟುಗಳನ್ನು ಗೋಡೆಗೆ ಪಿನ್ನಿನಿಂದ ಚುಚ್ಚಿ, ಪಕ್ಕದಲ್ಲಿ ನಿಲ್ಲುತ್ತಾರೆ. ಹೊರಗಿನಿಂದ ಬಂದ ಆರ್ಕಿಟೆಕ್ಟರು ಎದುರಿಗೆ ಕುರ್ಚಿ ಹಾಕಿಕೊಂಡು ಕೇಳಬಾರದ್ದೆಲ್ಲ ಕೇಳುತ್ತಾರೆ. ಹಿಂದಿನ ವರ್ಷ ಮೊದಲ ತಂಡದವರ ಕೆಲಸ ಮೇಜಿನ ಮೇಲೆ ಇಟ್ಟು ನೋಡುವಷ್ಟು ಚಿಕ್ಕದಿತ್ತು. ಈ ಸಲ ಬಾಗಿಲಷ್ಟು ದೊಡ್ಡ ಶೀಟುಗಳು. ಮುಂಜಾನೆ ಹುಡುಗರು ಪಿನ್ನಿನ ಡಬ್ಬಿ ಹಿಡಿದು ಸ್ಟುಡಿಯೋಗೆ ಹೋದರು. ಸ್ವಲ್ಪ ಹೊತ್ತಿಗೆ ಒಬ್ಬಳು ಓಡಿ ಬಂದಳು.

"ಮೇಡಂ, ಪಿನ್ನು ಹೋಗವಲ್ದುರಿ. ಎಲ್ಲಾ ಬಗ್ಗಲತ್ತಾವ."

ಹೋಗಿ ನೋಡಿದೆ. ನಾಲ್ಕೂ ಕಡೆ ಕಾಂಕ್ರೀಟು. ಪಿನ್ನು ಅದನ್ನು ಎಲ್ಲಿಂದ ಹಿಡಿಯಬೇಕು? ಟೇಪು ಹಚ್ಚಿದರೆ ಒರಟು ಮೈಗೆ ಅಂಟದೆ ಶೀಟು ಸಮೇತ ಕಳಚಿ ಬೀಳುತ್ತಿತ್ತು. ಆರ್ಕಿಟೆಕ್ಚರ್ ಕಾಲೇಜು, ಅದರಲ್ಲಿ ನಕ್ಷೆ ಚುಚ್ಚಲು ಒಂದು ಗೋಡೆಯಿಲ್ಲ. ವೈದ್ಯರಾಗಲಿ ವಕೀಲರಾಗಲಿ ಮಾಡಲಾಗದ ತಪ್ಪು. ಆರ್ಕಿಟೆಕ್ಟನೇ ಮಾಡಬೇಕು, ಅದರಲ್ಲೂ ತನ್ನ ಶೀಟು ಎಲ್ಲಿಟ್ಟರೂ ಜನ ನಿಂತು ನೋಡುತ್ತಾರೆ ಎಂದುಕೊಂಡು ಬೆಳೆದ ಆರ್ಕಿಟೆಕ್ಟ್. ನಗು ತಡೆಯಲಾರದೆ ನಾನು ಕಿಟಕಿಯ ಕಡೆ ತಿರುಗಿ ನಿಂತೆ. ನನ್ನ ನಕ್ಷೆಯಲ್ಲಿ ಪ್ರತಿ ಕೋಣೆಗೂ ಸಾಫ್ಟ್‌ಬೋರ್ಡ್ ಇತ್ತೆಂದು ಯಾರಿಗಾದರೂ ಹೇಳಬೇಕೆನ್ನಿಸಿತು, ಹೇಳಲು ಅಲ್ಲಿ ಹುಡುಗರ ಹೊರತು ಯಾರೂ ಇರಲಿಲ್ಲ.

ಕಲಬುರಗಿಯಿಂದ ಜ್ಯೂರಿಗೆ ಬಂದ ಹಿರಿಯರು ಆಗಲೇ ಚಹಾ ಮುಗಿಸಿದ್ದರು. ಏನು ಮಾಡುವುದೆಂದು ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಹಲಬರ್ಗಾದ ಹುಡುಗ ತನ್ನ ಶೀಟು ಸುತ್ತಿಕೊಂಡು ಕುಣಿಗೆ ಇಳಿದ, ಮೆಟ್ಟಿಲ ಮೇಲೆ ಹಾಸಿದ, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೆ ಕೆಂಪು ಕಲ್ಲು ಇಟ್ಟ. ಮಿಕ್ಕವರೂ ಇಳಿದರು. ಕಲ್ಲು ಸಿಗದವರು ಟಿಫಿನ್ ಡಬ್ಬಿ ಇಟ್ಟರು, ಒಬ್ಬಳು ತನ್ನ ಚಪ್ಪಲಿ ಇಟ್ಟಳು. ಗಳಿಗೆಯಲ್ಲಿ ಕುಣಿಯ ಒಂದು ಬದಿಯ ಮೆಟ್ಟಿಲೆಲ್ಲ ನಕ್ಷೆಗಳಿಂದ ತುಂಬಿತು. ಬೆಳಗಿನ ನೆರಳು ಆ ಬದಿಗೇ ಇತ್ತು.

ನಾನು ಜ್ಯೂರಿ ನೋಡಿದ್ದೇನೆ, ಜ್ಯೂರಿಗೆ ನಿಂತು ಅತ್ತಿದ್ದೇನೆ, ಜ್ಯೂರಿಯಲ್ಲಿ ಕೂತು ಅಳಿಸಿಯೂ ಇದ್ದೇನೆ. ಅಂಥದ್ದನ್ನು ನೋಡಿರಲಿಲ್ಲ. ಗೋಡೆಯ ಮುಂದೆ ಆದರೆ ಒಬ್ಬ ನಿಂತಿರುತ್ತಾನೆ, ಐದು ಜನ ಕೂತಿರುತ್ತಾರೆ, ಮಿಕ್ಕವರು ಬಾಗಿಲಾಚೆ ಉಗುರು ಕಚ್ಚುತ್ತಿರುತ್ತಾರೆ. ಇಲ್ಲಿ ಕುರ್ಚಿ ಇಡಲು ಜಾಗವಿರಲಿಲ್ಲ. ಹಿರಿಯರು ಬೂಟು ಬಿಚ್ಚಿಟ್ಟು ಮೆಟ್ಟಿಲಿಳಿದರು, ಬಗ್ಗಿ ನೋಡಿದರು, ಕೊನೆಗೆ ಹುಡುಗನ ಪಕ್ಕದಲ್ಲೇ ಕೂತು, "ಇಲ್ಲಿ ಬಾಗಲಾ ಯಾಕ ಇಟ್ಟಿ ತಮ್ಮಾ?" ಎಂದು ಕೇಳಿದರು. ಹುಡುಗ ಹೆದರದೆ ಹೇಳಿದ. ಎದುರಿನ ಮೆಟ್ಟಿಲ ಮೇಲೆ ಮೊದಲ ವರ್ಷದವರು ಕೂತು ಎಲ್ಲ ಕೇಳಿಸಿಕೊಂಡರು. ಕಾಲೇಜು ಬಸ್ಸಿನ ಡ್ರೈವರೂ ಬಂದು ನಿಂತ.

ಮಗಳನ್ನು ಬಿಡಲು ಬಂದಿದ್ದ ತಂದೆಯೊಬ್ಬರು ಹೊರಟವರು ನಿಂತರು. ಬೀದರಿನ ಹಳೆಯ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮಗಳ ಶೀಟಿನಲ್ಲಿ ಅವರ ಗಲ್ಲಿಯದೇ ನಕ್ಷೆ ಇತ್ತು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮುಟ್ಟದೆ, ಬೆರಳನ್ನು ಕಾಗದದ ಮೇಲೆ ಗಾಳಿಯಲ್ಲೇ ಓಡಿಸುತ್ತ ಕೇಳಿದರು, "ಅಪ್ನಾ ಘರ್ ಕಾಂ ಹೈ ಬೇಟಾ, ಇಸ್ಮೆ?" ನಮ್ಮ ಮನೆ ಎಲ್ಲಿದೆ ಇದರಲ್ಲಿ ಎಂದು. ಮಗಳು ತೋರಿಸಿದಳು. ಅವರು ಮತ್ತೆ ಅಂಗಡಿಗೆ ಹೋಗಲಿಲ್ಲ, ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದರು.

ನನ್ನ ಕಣ್ಣು ತುಂಬಿತು. ಸಂತೋಷಕ್ಕಲ್ಲ, ಆನಂದಬಾಷ್ಪ ಅಂತ ಯಾರೂ ತಿಳಿಯಬಾರದು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಇದು ಅವನಿಗೆ ಮೊದಲೇ ಗೊತ್ತಿತ್ತೇ? ಗೋಡೆಗೆ ಪಿನ್ನು ಹಿಡಿಯದ ಹಾಗೆ ಮಾಡಿದರೆ ಹುಡುಗರು ಕುಣಿಗೆ ಇಳಿಯುತ್ತಾರೆ, ಕುರ್ಚಿಯವರೂ ಕೆಳಗೆ ಕೂರುತ್ತಾರೆ, ಅಪ್ಪಂದಿರು ಮನೆ ಹುಡುಕುತ್ತಾರೆ ಎಂದು ಪುಣೆಯಲ್ಲಿ ಕೂತು ಲೆಕ್ಕ ಹಾಕಿದ್ದನೇ? ಹಾಕಿದ್ದರೆ ಅವನು ನನ್ನ ಕೈಗೆ ಎಟುಕುವವನೇ ಅಲ್ಲ.

ಅಂದಿನಿಂದ ನಮ್ಮ ಕಾಲೇಜಿನಲ್ಲಿ ಅದೇ ರೂಢಿಯಾಯಿತು. ಹೊರಗಿನವರು ಬಂದರೆ "ನಿಮ್ಮಲ್ಲಿ ಹಾಸ್ತೀರಂತಲ್ರಿ?" ಎಂದು ಕೇಳುತ್ತಾರೆ. ನನ್ನ ವರದಿ ಮಾತ್ರ ಕುಣಿಯ ಹತ್ತಿರ ಬಂದು ನಿಂತುಬಿಟ್ಟಿತು. ಉಳಿದದ್ದೆಲ್ಲ ತಯಾರಿತ್ತು, ಆ ಒಂದು ಪುಟ ಖಾಲಿ. ಮುಚ್ಚಿರೆಂದು ಬರೆಯಲು ಕೈ ಏಳುತ್ತಿರಲಿಲ್ಲ. ಇರಲೆಂದು ಬರೆದರೆ ಅವನನ್ನು ಹೊಗಳಿದಂತಾಗುತ್ತಿತ್ತು, ಅದಕ್ಕಂತೂ ಏಳುತ್ತಿರಲಿಲ್ಲ.

ಆ ಪುಟ ಖಾಲಿ ಇಟ್ಟುಕೊಂಡೇ ಮೀಟಿಂಗಿಗೆ ಹೋದೆ. ಅವನು ಪುಣೆಯಿಂದ ಬಂದಿದ್ದ, ಕೂದಲು ಅರ್ಧ ಬೆಳ್ಳಗಾಗಿತ್ತು, ಅದೂ ಅವನಿಗೆ ಒಪ್ಪುತ್ತಿತ್ತು. ಅಧ್ಯಕ್ಷರು ಮೇಜಿನ ತಲೆಗೆ ಕೂತಿದ್ದರು. ನಾನು ತಪ್ಪುಗಳನ್ನು ಒಂದೊಂದಾಗಿ ಓದಿದೆ. ಅವನು ಎಲ್ಲದಕ್ಕೂ ಹೌದೆಂದು ತಲೆಯಾಡಿಸಿದ. ಪಶ್ಚಿಮದ ಬಿಸಿಲು, ಹೌದು. ಪ್ರತಿಧ್ವನಿ, ಹೌದು. ಪಿನ್ನಿನ ಮಾತಿಗೆ ಬಂದಾಗ ಹಣೆ ಚಚ್ಚಿಕೊಂಡ.

"ಖರೇನೇ ಹೇಳ್ತೇನಿ, ಅದು ನನ್ನ ತಲ್ಯಾಗೇ ಬಂದಿರಲಿಲ್ಲ. ದೊಡ್ಡ ಮಿಸ್ಟೇಕ್ ಆಗ್ಯದ."

"ಅದಕ್ಕೇ ಹುಡುಗರು ಕುಣ್ಯಾಗ ಹಾಸ್ಲತ್ತಾರ, ಪಾಪ" ಎಂದರು ಅಧ್ಯಕ್ಷರು.

"ಹಂಗೇನ್ರಿ? ಪಾಪ," ಎಂದ ಅವನೂ.

ಲೆಕ್ಕ ಹಾಕಿರಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ. ನಾನು ಬೇಸಿಗೆಯಿಡೀ ಯೋಚಿಸಿ ಮಾಡಲಾಗದ್ದು ಅವನಿಗೆ ಮರೆವಿನಿಂದ ಬಂದಿತ್ತು. ಬುದ್ಧಿವಂತಿಕೆಯಾಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ತಪ್ಪು ಕೂಡ ಅವನಿಗೆ ಒಲಿಯುತ್ತದೆ ಎಂದಾಗ ನನ್ನ ಕಿವಿ ಬಿಸಿಯಾಯಿತು.

ಅಧ್ಯಕ್ಷರು ಕುಣಿ ಮುಚ್ಚುವ ಮಾತೆತ್ತಿದರು. ಅವನು ಸಿಟ್ಟಾಗುತ್ತಾನೆ, ಜಗಳಕ್ಕೆ ನಿಲ್ಲುತ್ತಾನೆ ಎಂದು ನಾನು ಕಾದೆ. ಅವನು ಹಾಳೆಯೊಂದನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನು ತೆಗೆದ.

"ಮುಚ್ಚೋಣ್ರಿ, ಏನಾಗ್ತದ? ಮ್ಯಾಲ ಸ್ಲ್ಯಾಬ್ ಹಾಕೋಣು. ನಡುವ ಹಿಂಗ ಒಂದು ಕಾರಿಡಾರ್, ಆ ಕಡಿ ರೂಮು, ಈ ಕಡಿ ರೂಮು. ಎಲ್ಲಾ ರೂಮಿಗೂ ಸಾಫ್ಟ್‌ಬೋರ್ಡ್ ಕೊಟ್ಟಬಿಡ್ತೇನಿ. ಪಿನ್ನಿಂದೂ ಸಮಸ್ಯಾ ಹೋಯ್ತು."

ಹಾಳೆ ನನ್ನ ಎದುರಿಗೇ ಇತ್ತು. ಅವನು ಬರೆದದ್ದು ನನ್ನ ನಕ್ಷೆ. ನಾನು ಸೋತ ಕಟ್ಟಡ ಹಾಗೆಯೇ ಅಲ್ಲಿ ಬರುತ್ತಿತ್ತು, ಅವನ ಕೈಯಿಂದಲೇ. ಇಷ್ಟು ವರ್ಷ ನಾನು ಬಯಸಿದ್ದೂ ಅದನ್ನೇ. ನೋಡಿದೆ. ಆ ಬಟ್ಟೆ ಅಂಗಡಿಯವರು ಇದರಲ್ಲಿ ಎಲ್ಲಿ ಕೂರುತ್ತಾರೆ ಎಂದು ಹುಡುಕಿದೆ. ಜಾಗವಿರಲಿಲ್ಲ. ಬಾಗಿಲಾಚೆ ನಿಲ್ಲಬೇಕು, ಅಥವಾ ಅಂಗಡಿಗೆ ವಾಪಸು ಹೋಗಬೇಕು.

"ಮುಚ್ಚಬ್ಯಾಡ್ರಿ," ಎಂದೆ.

ಅಧ್ಯಕ್ಷರಿಗೆ ಆಶ್ಚರ್ಯವಾಯಿತು. "ಏನ್ರಿ ಮೇಡಂ, ಮಾಡಿದವರೇ ಒಪ್ಪಿದ್ರು, ನಿಮದೇನು ನಡುವ?"

"ಮಾಡಿದವರಿಗೆ ತಾವೇನು ಮಾಡ್ಯಾರ ಅನ್ನೋದು ಗೊತ್ತಿಲ್ರಿ. ವರ್ಷಕ್ಕೊಮ್ಮೆ ಬಂದು ಹೋಗ್ತಾರ. ನಾ ದಿನಾ ನೋಡ್ತೇನಿ." ದನಿ ಏರಿತ್ತು. ಜ್ಯೂರಿಯ ದಿನದ್ದನ್ನು ಹೇಳಿದೆ, ಬೂಟು ಬಿಚ್ಚಿದ ಹಿರಿಯರನ್ನು ಹೇಳಿದೆ. ಹೊಸ ಕೋಣೆಗಳನ್ನು ವರ್ಕ್‌ಶಾಪಿನ ಮೇಲೆ ಹೇಗೆ ಕೂರಿಸಬಹುದೆಂದು ಅದೇ ಹಾಳೆಯ ಹಿಂದೆ ಬರೆದು ತೋರಿಸಿದೆ. ಖಾಲಿ ಪುಟದಲ್ಲಿ ಅವರೆದುರೇ "ಇದನ್ನು ಮುಟ್ಟಬಾರದು" ಎಂದು ಬರೆದು ಸಹಿ ಹಾಕಿದೆ. ಅಧ್ಯಕ್ಷರು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿ, "ನಿಮ್ಮ ಮಾತಿಗೆ ಬಿಟ್ಟೇನಂದಿದ್ದೆ, ಬಿಟ್ಟೆ" ಎಂದು ಎದ್ದರು.

ಅವನ ಕಾರು ಗೇಟಿನ ಹತ್ತಿರ ನಿಂತಿತ್ತು. ಇಬ್ಬರೂ ಅಲ್ಲಿಯವರೆಗೆ ನಡೆದೆವು.

"ಯಾಕ ಅಷ್ಟು ಹಟ ಹಿಡದಿ? ಮುಚ್ಚಿದ್ರೂ ನನಗೇನೂ ಅನ್ನಿಸ್ತಿದ್ದಿಲ್ಲ."

"ನಿನಗ ಅನ್ನಿಸ್ತಿದ್ದಿಲ್ಲ ಅಂತೇ ನನಗ ಸಿಟ್ಟು."

"ನಿನಗ ಇಷ್ಟು ಸೇರ್ಯದ ಅಂತ ನನಗ ಗೊತ್ತಿದ್ದಿಲ್ಲ ನೋಡು."

"ಸೇರಿಲ್ಲ," ಎಂದೆ. "ಹೊಟ್ಟಿ ಉರೀತದ. ದಿನಾ ಮುಂಜಾನಿ ಈ ಗೇಟಿನಾಗ ಕಾಲಿಟ್ರ ಉರೀತದ. ಇದು ನಾ ಮಾಡಬೇಕಾಗಿತ್ತು."

ಅವನು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ಕಾರಿನ ಬಾಗಿಲಿಗೆ ಕೈ ಹಾಕಿದವನು ತಿರುಗಿದ.

"ಆಗ ನಿನ್ನ ನಕ್ಷಿ ನಾ ನೋಡಿದ್ನಿ. ಅಧ್ಯಕ್ಷರು ತೋರ್ಸಿದ್ರು. ಭಾಳ ಚಲೋ ಇತ್ತು."

"ಸುಳ್ಳು ಹೇಳಬ್ಯಾಡ."

ಅವನು ಕಾರಿನ ಬಾಗಿಲು ತೆರೆದ. ನಾನು ಕಾದೆ. ಇನ್ನೊಂದೇ ಸಲ ಹೇಳಿದ್ದರೂ ನಂಬಿಬಿಡುತ್ತಿದ್ದೆ. ಅವನು ಅವ್ವ ಆರಾಮ ಇದ್ದಾಳೇನೆಂದು ಕೇಳಿ, ಕಾರು ಹತ್ತಿ ಭಾಲ್ಕಿಯ ಕಡೆ ಹೋದ.